ಮರಳಿನಲ್ಲಿ ಕಥೆ ಕಂಡ ಫ್ರಾಂಕ್ ಹರ್ಬರ್ಟ್

ಕಳೆದ ಬೇಸಿಗೆ ರಜೆಯಲ್ಲಿ ಒಂದು ರಾತ್ರಿ ನಾನು ಮತ್ತು ಭಾಯಿಜಾನ್ ಲ್ಯಾಪ್‌ಟಾಪ್‌ನಲ್ಲಿ 'ಡ್ಯೂನ್' ಎಂಬ ಇಂಗ್ಲಿಷ್ ಸಿನಿಮಾ ನೋಡುತ್ತಿದ್ದೆವು. ಪಕ್ಕದ ಕೋಣೆಯಲ್ಲಿ ದಾದಿ ತಸ್ಬೀಹ್ ಹಿಡಿದು ಕುಳಿತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅವರು ಬಾಗಿಲ ಬಳಿ ಬಂದು, ಇದು ಯಾವ ಮೌಲಾನಾರ ಬಯಾನ್, ಮಧ್ಯೆ ಇಷ್ಟು ಗಲಾಟೆ ಯಾಕೆ ಎಂದು ಕೇಳಿದರು. ಅವರ ತಪ್ಪೇನೂ ಇಲ್ಲ. ಸಿನಿಮಾದಲ್ಲಿ ಮರಳುಗಾಡಿನ ಜನ ಒಬ್ಬ ಹುಡುಗನನ್ನು ನೋಡಿ ಮಹ್ದಿ ಎನ್ನುತ್ತಿದ್ದರು, ಲಿಸಾನುಲ್ ಗೈಬ್ ಎನ್ನುತ್ತಿದ್ದರು. ನಾವಿಬ್ಬರೂ ನಕ್ಕೆವು. ದಾದಿ ಸಿಟ್ಟಾಗಿ ಹೋಗಿ ಮಲಗಿದರು.

ಆದರೆ ಆಮೇಲೆ ನನಗೆ ನಿದ್ದೆ ಬರಲಿಲ್ಲ. ಮಹ್ದಿ ಎಂದರೆ ಕಿಯಾಮತ್‌ಗೆ ಮೊದಲು ಬರುವರೆಂದು ನಾವು ಚಿಕ್ಕಂದಿನಿಂದ ಕೇಳಿದ ಮಾರ್ಗದರ್ಶಕರು. ಲಿಸಾನುಲ್ ಗೈಬ್ ಎಂದರೆ ಕಾಣದ ಲೋಕದ ನಾಲಿಗೆ. ಫಾರಸಿ ಕವಿ ಹಾಫಿಜ್ ಶಿರಾಜಿಯವರಿಗೆ ಸಂದ ಬಿರುದು ಅದು. ಇವೆಲ್ಲ ನಮ್ಮ ಮನೆಯೊಳಗಿನ ಮಾತುಗಳು. ಒಂದು ಅಮೆರಿಕನ್ ಸಿನಿಮಾದಲ್ಲಿ ಅವು ಕೇಳಿಸಿದಾಗ ಮೊದಲು ಖುಷಿಯಾಯಿತು, ಆಮೇಲೆ ಅನುಮಾನವಾಯಿತು. ಇವರಿಗೆ ಈ ಪದಗಳನ್ನು ಯಾರು ಕೊಟ್ಟರು? ಯಾವ ಕೆಲಸಕ್ಕೆ ಬಳಸುತ್ತಿದ್ದಾರೆ? ಒಳ್ಳೆಯದಕ್ಕೋ, ನಮ್ಮನ್ನು ಹಂಗಿಸುವುದಕ್ಕೋ?

ಹುಡುಕಿದಾಗ ಸಿನಿಮಾದ ಹಿಂದೆ ಒಂದು ಕಾದಂಬರಿ ಇದೆ, ಅದು 1965ರಷ್ಟು ಹಳೆಯದು ಎಂದು ತಿಳಿಯಿತು. ಬರೆದವರು ಫ್ರಾಂಕ್ ಹರ್ಬರ್ಟ್. ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ತೀರಿಕೊಂಡವರು. ಕನ್ನಡ ಮೇಡಂ ನಮ್ಮ ಪತ್ರಿಕೆಗೆ ಒಬ್ಬ ಪ್ರಸಿದ್ಧ ವ್ಯಕ್ತಿಯ ಜೀವನ ಬರೆದುಕೊಡಲು ಹೇಳಿದಾಗ ಗೆಳತಿಯರು ವಿಜ್ಞಾನಿಗಳನ್ನೂ ಸ್ವಾತಂತ್ರ್ಯ ಹೋರಾಟಗಾರರನ್ನೂ ಆರಿಸಿಕೊಂಡರು. ನಾನು ಇವರನ್ನು ಆರಿಸಿಕೊಂಡೆ. ಅದಕ್ಕೆ ಮನೆಯಲ್ಲಿ ನಡೆದ ಒಂದು ಘಟನೆಯೂ ಕಾರಣ. ಅದನ್ನು ಮುಂದೆ ಹೇಳುತ್ತೇನೆ.

ಫ್ರಾಂಕ್ ಹರ್ಬರ್ಟ್ ಹುಟ್ಟಿದ್ದು 1920ರ ಅಕ್ಟೋಬರ್ 8ರಂದು, ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ವಾಷಿಂಗ್ಟನ್ ರಾಜ್ಯದ ಟಕೋಮಾ ಎಂಬ ಊರಿನಲ್ಲಿ. ಅವರ ಎಂಟನೆಯ ಹುಟ್ಟುಹಬ್ಬದ ದಿನ ಮನೆಯವರ ಮುಂದೆ ನಿಂತು ತಾನು ಲೇಖಕನಾಗುತ್ತೇನೆ ಎಂದು ಘೋಷಿಸಿದ್ದರಂತೆ. ಮನೆಯ ಸ್ಥಿತಿ ಚೆನ್ನಾಗಿರಲಿಲ್ಲ. 1938ರಲ್ಲಿ, ಅಂದರೆ ನನಗಿಂತ ಒಂದೇ ವರ್ಷ ದೊಡ್ಡವರಿದ್ದಾಗ, ಅವರು ಮನೆ ಬಿಟ್ಟು ಪಕ್ಕದ ಆರೆಗಾನ್ ರಾಜ್ಯದ ಸೇಲಂನಲ್ಲಿದ್ದ ಸಂಬಂಧಿಕರ ಮನೆ ಸೇರಿದರು. ಮರುವರ್ಷ ವಯಸ್ಸು ಹೆಚ್ಚು ಹೇಳಿ ಕ್ಯಾಲಿಫೋರ್ನಿಯಾದ ಒಂದು ಪತ್ರಿಕೆಯಲ್ಲಿ ಕೆಲಸ ಹಿಡಿದರು. ಅಲ್ಲಿಂದ ಮುಂದೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪತ್ರಿಕೆಗಳ ಕೆಲಸವೇ ಅವರ ಅನ್ನದ ದಾರಿಯಾಯಿತು.

ಎರಡನೇ ಮಹಾಯುದ್ಧದಲ್ಲಿ ಕೆಲವು ತಿಂಗಳು ನೌಕಾಪಡೆಯಲ್ಲಿ ಫೋಟೋಗ್ರಾಫರ್ ಆಗಿದ್ದು, ಆರೋಗ್ಯದ ಕಾರಣಕ್ಕೆ ಹೊರಬಂದರು. ಮೊದಲ ಮದುವೆ ಮುರಿದುಬಿತ್ತು; ಆ ಮದುವೆಯಿಂದ ಒಬ್ಬ ಮಗಳಿದ್ದಳು. 1946ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಅಲ್ಲಿ ಕಥೆ ಬರೆಯುವುದನ್ನು ಕಲಿಸುವ ತರಗತಿಯಲ್ಲಿ ಬೆವರ್ಲಿ ಸ್ಟುವರ್ಟ್ ಎಂಬ ಯುವತಿಯ ಪರಿಚಯವಾಯಿತು. ಇಡೀ ತರಗತಿಯಲ್ಲಿ ಆಗಲೇ ಪತ್ರಿಕೆಗಳಿಗೆ ಕಥೆ ಮಾರಿ ಹಣ ಪಡೆದಿದ್ದವರು ಇವರಿಬ್ಬರೇ. ಅದೇ ವರ್ಷ ಮದುವೆಯಾದರು. ಬ್ರಯಾನ್ ಮತ್ತು ಬ್ರೂಸ್ ಎಂಬ ಇಬ್ಬರು ಗಂಡುಮಕ್ಕಳು ಹುಟ್ಟಿದರು. ಹರ್ಬರ್ಟ್ ಅವರಿಗೆ ಡಿಗ್ರಿ ಮಾತ್ರ ಸಿಗಲಿಲ್ಲ. ತಮಗೆ ಆಸಕ್ತಿಯಿದ್ದ ವಿಷಯಗಳನ್ನಷ್ಟೇ ಓದಿದರು, ಕಡ್ಡಾಯ ವಿಷಯಗಳನ್ನು ಬಿಟ್ಟರು. (ನಮ್ಮ ಪ್ರಾಂಶುಪಾಲರು ದಯವಿಟ್ಟು ಈ ವಾಕ್ಯವನ್ನು ಗಮನಿಸಬಾರದು.)

ಪೂರ್ವ ದೇಶಗಳ ಚಿಂತನೆ ಅವರ ಬದುಕಿನೊಳಗೆ ಬಂದದ್ದು 1949ರ ಸುಮಾರಿಗೆ. ಆಗ ಅವರು ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ ಪತ್ರಿಕೆಯೊಂದರಲ್ಲಿದ್ದರು. ಅಲ್ಲಿ ರಾಲ್ಫ್ ಮತ್ತು ಐರೀನ್ ಸ್ಲಾಟರಿ ಎಂಬ ಮನಶ್ಶಾಸ್ತ್ರಜ್ಞ ದಂಪತಿಗಳ ಸ್ನೇಹವಾಯಿತು. ಫ್ರಾಯ್ಡ್, ಯೂಂಗ್ ಅವರ ಮನಶ್ಶಾಸ್ತ್ರದ ಜೊತೆಗೆ ಝೆನ್ ಬೌದ್ಧ ಚಿಂತನೆಯನ್ನೂ ಈ ದಂಪತಿ ಅವರಿಗೆ ಪರಿಚಯಿಸಿದರು. ಮುಂದೆ ಝೆನ್ ಬಗ್ಗೆ ಅಮೆರಿಕನ್ನರಿಗೆ ತಿಳಿಯುವಂತೆ ಬರೆದು ಪ್ರಸಿದ್ಧರಾದ ಅಲನ್ ವಾಟ್ಸ್ ಅವರ ಸ್ನೇಹವೂ ದೊರೆಯಿತು. ಬಾಲ್ಯದಲ್ಲಿ ಕ್ಯಾಥೊಲಿಕ್ ವಾತಾವರಣ ಕಂಡಿದ್ದ ಹರ್ಬರ್ಟ್ ಮನಸ್ಸು ಝೆನ್ ಕಡೆಗೆ ವಾಲಿತು.

ಝೆನ್ ಎಂಬ ಪದ ಜಪಾನಿನದು. ಆದರೆ ಅದರ ಬೇರು ನಮ್ಮ ದೇಶದಲ್ಲೇ ಇದೆ. ಸಂಸ್ಕೃತದ ಧ್ಯಾನ ಚೀನಾಕ್ಕೆ ಹೋಗಿ ಚಾನ್ ಆಯಿತು, ಜಪಾನಿಗೆ ಹೋಗಿ ಝೆನ್ ಆಯಿತು. ಸುಮ್ಮನೆ ಕುಳಿತು ಉಸಿರನ್ನೂ, ಬಂದು ಹೋಗುವ ಯೋಚನೆಗಳನ್ನೂ ಗಮನಿಸುವುದು ಅದರ ಮುಖ್ಯ ಅಭ್ಯಾಸ. ಗುರು ದಾರಿ ತೋರಿಸಬಹುದು, ಆದರೆ ನೋಡಬೇಕಾದವನು ಶಿಷ್ಯನೇ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಹರ್ಬರ್ಟ್ ಅವರ ಇಡೀ ಕಾದಂಬರಿ ಇದರ ಸುತ್ತಲೇ ಸುತ್ತುತ್ತದೆ.

1954ರಲ್ಲಿ ಅವರಿಗೆ ಇನ್ನೊಂದು ಪಾಠ ಸಿಕ್ಕಿತು. ಆರೆಗಾನ್ ರಾಜ್ಯದ ಸೆನೆಟರ್ ಗೈ ಕಾರ್ಡನ್ ಅವರಿಗೆ ಭಾಷಣ ಬರೆದುಕೊಡುವ ಕೆಲಸ ಹಿಡಿದು ರಾಜಧಾನಿಗೆ ಹೋದರು. ಆ ಸೆನೆಟರ್ ಚುನಾವಣೆಯಲ್ಲಿ ಸೋತರು. ಆದರೆ ನಾಯಕರ ಮಾತುಗಳು ಎಲ್ಲಿ, ಹೇಗೆ ತಯಾರಾಗುತ್ತವೆ ಎಂಬುದನ್ನು ಹರ್ಬರ್ಟ್ ಒಳಗಿನಿಂದ ನೋಡಿದ್ದರು. 1956ರಲ್ಲಿ ಅವರ ಮೊದಲ ವೈಜ್ಞಾನಿಕ ಕಾದಂಬರಿ 'ದ ಡ್ರ್ಯಾಗನ್ ಇನ್ ದ ಸೀ' ಪುಸ್ತಕವಾಗಿ ಬಂತು. ಜಲಾಂತರ್ಗಾಮಿಯೊಳಗೆ ಸಿಕ್ಕಿಕೊಂಡ ಮನುಷ್ಯರ ಮನಸ್ಸಿನ ಕಥೆ ಅದು. ಓದಿದವರು ಮೆಚ್ಚಿದರು, ಆದರೆ ಅದರಿಂದ ಸಂಸಾರ ನಡೆಯುವಷ್ಟು ಹಣ ಬರಲಿಲ್ಲ.

1957ರಲ್ಲಿ ಅವರು ಒಂದು ಸಣ್ಣ ವಿಮಾನ ಬಾಡಿಗೆಗೆ ಪಡೆದು ಆರೆಗಾನ್ ಕರಾವಳಿಯ ಫ್ಲಾರೆನ್ಸ್ ಎಂಬ ಊರಿನ ಮೇಲೆ ಹಾರಿದರು. ಅಲ್ಲಿ ಗಾಳಿಗೆ ಮರಳಿನ ದಿಬ್ಬಗಳು ಸಮುದ್ರದ ಅಲೆಗಳಂತೆ ನಿಧಾನವಾಗಿ ಸರಿದು ರಸ್ತೆಗಳನ್ನೂ ಕಟ್ಟಡಗಳನ್ನೂ ಮುಚ್ಚುತ್ತಿದ್ದವು. ಸರ್ಕಾರದ ಕೃಷಿ ಇಲಾಖೆಯವರು ಅಲ್ಲಿ ಒಂದು ಬಗೆಯ ಹುಲ್ಲು ನೆಟ್ಟು ಮರಳನ್ನು ನಿಲ್ಲಿಸುವ ಪ್ರಯೋಗ ನಡೆಸುತ್ತಿದ್ದರು. ಇದರ ಬಗ್ಗೆ ಒಂದು ಪತ್ರಿಕಾ ಲೇಖನ ಬರೆಯಬೇಕೆಂದು ಹರ್ಬರ್ಟ್ ಹೋಗಿದ್ದರು. ಆ ಲೇಖನ ಅವರು ಬದುಕಿರುವವರೆಗೂ ಅಚ್ಚಾಗಲಿಲ್ಲ. ಆದರೆ ಮರಳು ಅವರನ್ನು ಬಿಡಲಿಲ್ಲ. ಮರಳುಗಾಡುಗಳ ಬಗ್ಗೆ ಓದುತ್ತಾ ಮರಳುಗಾಡಿನ ಜನರ ಬಗ್ಗೆ ಓದಿದರು. ದೊಡ್ಡ ಧರ್ಮಗಳು ಅಂಥ ನೆಲದಲ್ಲೇ ಯಾಕೆ ಹುಟ್ಟಿದವು, ಕಷ್ಟದಲ್ಲಿರುವ ಜನ ಒಬ್ಬ ರಕ್ಷಕನಿಗಾಗಿ ಯಾಕೆ ಕಾಯುತ್ತಾರೆ ಎಂದು ಯೋಚಿಸಿದರು.

ಹೀಗೆ ಸುಮಾರು ಆರು ವರ್ಷ ಓದು, ಟಿಪ್ಪಣಿ, ಬರವಣಿಗೆ ನಡೆಯಿತು. ಅಷ್ಟು ದಿನ ಮನೆ ನಡೆಸಿದವರು ಯಾರು? ಬೆವರ್ಲಿ. ಅವರು ತಮ್ಮ ಸ್ವಂತ ಬರವಣಿಗೆಯ ಆಸೆಯನ್ನು ಬದಿಗಿಟ್ಟು ದೊಡ್ಡ ಅಂಗಡಿಗಳಿಗೆ ಜಾಹೀರಾತು ಬರೆಯುವ ಪೂರ್ಣಾವಧಿ ಕೆಲಸಕ್ಕೆ ಹೋದರು. ಅಕೌಂಟೆನ್ಸಿಯಲ್ಲಿ ನಾವು ಪಾಲುದಾರರ ಬಂಡವಾಳ ಖಾತೆ ಬರೆಯುತ್ತೇವಲ್ಲ, ಹಾಗೆ ಬರೆದರೆ ಈ ಕಾದಂಬರಿಯ ಪಾಲುದಾರರು ಇಬ್ಬರು. ಪುಸ್ತಕದ ಮೇಲೆ ಒಬ್ಬರ ಹೆಸರು ಮಾತ್ರ ಇದೆ.

ಈಗ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವರ್ಷಗಳ ಮುಂದಿನ ಕಾಲ. ಮನುಷ್ಯರು ಅಸಂಖ್ಯ ಗ್ರಹಗಳಲ್ಲಿ ನೆಲೆಸಿದ್ದಾರೆ. ಅರಾಕಿಸ್ ಎಂಬ ಗ್ರಹ ಪೂರ್ತಿ ಮರಳುಗಾಡು. ಅಲ್ಲಿ ಮಾತ್ರ ಸಿಗುವ ಒಂದು ಮಸಾಲೆ ಇಲ್ಲದಿದ್ದರೆ ನಕ್ಷತ್ರದಿಂದ ನಕ್ಷತ್ರಕ್ಕೆ ಪ್ರಯಾಣವೇ ಸಾಧ್ಯವಿಲ್ಲ. ಇಡೀ ವ್ಯಾಪಾರವನ್ನು ಒಂದೇ ಕಂಪನಿ ಹಿಡಿದಿಟ್ಟಿದೆ, ಅದರ ಷೇರುಗಳಿಗಾಗಿ ರಾಜಮನೆತನಗಳು ಹೊಡೆದಾಡುತ್ತವೆ. ಅಲ್ಲಿನ ಮೂಲನಿವಾಸಿಗಳು ಫ್ರೆಮನ್ ಜನ. ಅವರಿಗೆ ನೀರು ಚಿನ್ನಕ್ಕಿಂತ ಹೆಚ್ಚು. ಸತ್ತವರಿಗಾಗಿ ಕಣ್ಣೀರು ಹಾಕುವುದೇ ದೊಡ್ಡ ಗೌರವ, ಯಾಕೆಂದರೆ ಅದು ತನ್ನ ಮೈಯ ನೀರನ್ನು ಕೊಟ್ಟ ಹಾಗೆ. ಪಾಲ್ ಎಂಬ 15 ವರ್ಷದ ರಾಜಕುಮಾರ ತಂದೆಯನ್ನು ಕಳೆದುಕೊಂಡು ತಾಯಿ ಜೆಸ್ಸಿಕಾಳ ಜೊತೆ ಈ ಜನರ ನಡುವೆ ಆಶ್ರಯ ಪಡೆಯುತ್ತಾನೆ. ಜನ ಅವನನ್ನು ತಮ್ಮ ಮಹ್ದಿ ಎಂದು ನಂಬುತ್ತಾರೆ. ಅವನು ಅವರ ಸೇನೆ ಕಟ್ಟಿ ಚಕ್ರವರ್ತಿಯನ್ನೇ ಸೋಲಿಸುತ್ತಾನೆ.

ನಮ್ಮ ಗ್ರಂಥಾಲಯದಲ್ಲಿ ಯಾರೋ ದಾನ ಕೊಟ್ಟ ಹಳೆಯ ಪ್ರತಿಯೊಂದು ಸಿಕ್ಕಿತು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಲು ನನಗೆ ಮೂರು ತಿಂಗಳು ಹಿಡಿಯಿತು. ಆದರೆ ಇಂಗ್ಲಿಷ್ ಓದುಗರಿಗೆ ಕಷ್ಟವಾಗುವ ಕೆಲವು ಪದಗಳು ನನಗೆ ಸುಲಭವಾಗಿದ್ದವು! ಪಾಲ್‌ಗೆ ಫ್ರೆಮನ್ ಜನ ಉಸುಲ್ ಎಂದು ಹೆಸರಿಡುತ್ತಾರೆ, ಕಂಬದ ಬುಡ ಎಂಬ ಅರ್ಥದಲ್ಲಿ. ನಮ್ಮ ಮನೆಯಲ್ಲಿ ಅಬ್ಬಾ ದಿನಕ್ಕೊಮ್ಮೆಯಾದರೂ ಉಸೂಲ್ ಎನ್ನುತ್ತಾರೆ, ಅಂದರೆ ನಿಯಮ, ತತ್ವ. ಅರಬಿಯಲ್ಲಿ ಅದರ ಮೂಲ ಅರ್ಥ ಬೇರು, ಬುನಾದಿ. ಪಾಲ್‌ನ ಇನ್ನೊಂದು ಹೆಸರು ಮುಅದ್ದಿಬ್. ಕಾದಂಬರಿಯಲ್ಲಿ ಅದು ಮರಳುಗಾಡಿನ ಪುಟ್ಟ ಇಲಿಯ ಹೆಸರು. ಅರಬಿಯಲ್ಲಿ ಅದಬ್ ಕಲಿಸುವವನು, ಅಂದರೆ ಶಿಕ್ಷಕ. ಬಿಲಾ ಕೈಫಾ ಎಂಬ ಮಾತು ಕಾದಂಬರಿಯಲ್ಲಿ ಆಮೀನ್ ಎನ್ನುವ ಹಾಗೆ ಬರುತ್ತದೆ. ನಮ್ಮ ಅರಬಿ ಉಸ್ತಾದರು ಅದು ಹೇಗೆ ಎಂದು ಕೇಳದೆ ಒಪ್ಪುವುದಕ್ಕೆ ಹಳೆಯ ಆಲಿಮರು ಬಳಸಿದ ಮಾತು ಎಂದು ವಿವರಿಸಿದರು.

ಫ್ರೆಮನ್ ಜನರ ಹೋರಾಟದ ಹಿಂದೆ ನಿಜವಾದ ಚರಿತ್ರೆಯೂ ಇದೆ. ಲೆಸ್ಲಿ ಬ್ಲಾಂಚ್ ಎಂಬ ಲೇಖಕಿ 1960ರಲ್ಲಿ ಇಮಾಮ್ ಶಮೀಲ್ ಬಗ್ಗೆ ಒಂದು ಪುಸ್ತಕ ಬರೆದಿದ್ದರು. ಕಾಕಸಸ್ ಪರ್ವತಗಳಲ್ಲಿ ರಷ್ಯಾದ ಝಾರ್ ದೊರೆಗಳ ಸೇನೆಯನ್ನು 1834ರಿಂದ 1859ರವರೆಗೆ ಎದುರಿಸಿ ನಿಂತ ನಾಯಕ ಅವರು. ಹರ್ಬರ್ಟ್ ಆ ಪುಸ್ತಕದಿಂದ ಕೆಲವು ಪದಗಳನ್ನೂ ಪದ್ಧತಿಗಳನ್ನೂ ನೇರವಾಗಿ ಎತ್ತಿಕೊಂಡಿದ್ದಾರೆ. ಇನ್ನು ಜೆಸ್ಸಿಕಾ ಮಗನಿಗೆ ಕಲಿಸುವ ವಿದ್ಯೆಯ ಹೆಸರು ಪ್ರಾಣ-ಬಿಂದು! ಉಸಿರು, ನರ, ಸ್ನಾಯುಗಳನ್ನು ಹಿಡಿತದಲ್ಲಿಡುವ ಅಭ್ಯಾಸ ಅದು, ನಮ್ಮ ಯೋಗದ ನೆರಳು. ಫ್ರೆಮನ್ ಜನರ ಪೂರ್ವಿಕರನ್ನು ಹರ್ಬರ್ಟ್ ಝೆನ್‌ಸುನ್ನಿ ಎಂದು ಕರೆಯುತ್ತಾರೆ. ಝೆನ್ ಮತ್ತು ಸುನ್ನಿ ಸೇರಿದರೆ ಏನಾಗಬಹುದು ಎಂಬುದು ಅವರ ಕಲ್ಪನೆ ಅಷ್ಟೇ. ಓದುವಾಗ ನನಗೆ ಸ್ವಲ್ಪ ಕಸಿವಿಸಿ ಆಯಿತೆಂದು ಒಪ್ಪಿಕೊಳ್ಳುತ್ತೇನೆ.

ಝೆನ್ ಕಾಣುವುದು ಕಥೆಯ ಆರಂಭದಲ್ಲೇ. ಒಬ್ಬ ವೃದ್ಧೆ ಪಾಲ್‌ನ ಕೈಯನ್ನು ಒಂದು ಪೆಟ್ಟಿಗೆಯೊಳಗೆ ಇಡಿಸಿ, ಅವನ ಕತ್ತಿಗೆ ವಿಷದ ಸೂಜಿ ಹಿಡಿಯುತ್ತಾಳೆ. ಕೈ ಸುಟ್ಟು ಬೂದಿಯಾಗುತ್ತಿರುವಂತೆ ನೋವಾಗುತ್ತದೆ. ಕೈ ಹೊರಗೆಳೆದರೆ ಸಾವು. ಪಾಲ್ ಹೆದರಿಕೆಯನ್ನು ತಳ್ಳಿಹಾಕುವುದಿಲ್ಲ, ಅದರಿಂದ ಓಡುವುದೂ ಇಲ್ಲ. ಅದು ಬರಲಿ, ತನ್ನೊಳಗೆ ಹಾದುಹೋಗಲಿ ಎಂದು ಬಿಟ್ಟು ನೋಡುತ್ತಾನೆ. ಧ್ಯಾನಕ್ಕೆ ಕುಳಿತವನು ಯೋಚನೆಗಳನ್ನು ನೋಡುವ ರೀತಿಯೇ ಇದು. ಬ್ಯಾಲೆನ್ಸ್ ಶೀಟ್ ತಾಳೆಯಾಗದೆ ಕೊನೆಯ ಬೆಲ್ ಹತ್ತಿರವಾದಾಗ ನಾನೂ ಹಾಗೆ ಮಾಡಲು ಪ್ರಯತ್ನಿಸಿದ್ದೇನೆ. ತಾಳೆಯಾಗಲಿಲ್ಲ, ಆದರೆ ಕೈ ನಡುಗುವುದು ನಿಂತಿತು.

ಕಾದಂಬರಿ ಮೊದಲು 1963ರ ಕೊನೆಯಿಂದ 1965ರವರೆಗೆ 'ಅನಲಾಗ್' ಎಂಬ ಮಾಸಪತ್ರಿಕೆಯಲ್ಲಿ ಎರಡು ಧಾರಾವಾಹಿಗಳಾಗಿ ಬಂತು. ಪುಸ್ತಕ ಮಾಡಲು ಮಾತ್ರ ಯಾರೂ ಮುಂದೆ ಬರಲಿಲ್ಲ. 20ಕ್ಕೂ ಹೆಚ್ಚು ಪ್ರಕಾಶಕರು ತಿರಸ್ಕರಿಸಿದರು. ತುಂಬಾ ಉದ್ದ, ಅರ್ಥವಾಗದ ಪದಗಳು ತುಂಬಾ ಎಂಬುದು ಅವರ ದೂರು. ಕೊನೆಗೆ ಒಪ್ಪಿಕೊಂಡದ್ದು ಫಿಲಡೆಲ್ಫಿಯಾದ ಚಿಲ್ಟನ್ ಎಂಬ ಸಂಸ್ಥೆ. ಅದು ಯಾವುದಕ್ಕೆ ಹೆಸರುವಾಸಿ ಗೊತ್ತೇ? ಕಾರು ರಿಪೇರಿ ಮಾಡುವ ಕೈಪಿಡಿಗಳಿಗೆ! ಅಲ್ಲಿ ಸ್ಟರ್ಲಿಂಗ್ ಲಾನಿಯರ್ ಎಂಬ ಸಂಪಾದಕರು ಧಾರಾವಾಹಿ ಓದಿ ಮೆಚ್ಚಿ, 7,500 ಡಾಲರ್ ಮುಂಗಡ ಕೊಡಿಸಿದರು. 1965ರ ಆಗಸ್ಟ್‌ನಲ್ಲಿ 'ಡ್ಯೂನ್' ಹೊರಬಂತು. ಆ ವರ್ಷವೇ ಆರಂಭವಾದ ನೆಬ್ಯುಲಾ ಪ್ರಶಸ್ತಿಯನ್ನು ಗೆದ್ದ ಮೊದಲ ಕಾದಂಬರಿ ಇದು. 1966ರಲ್ಲಿ ಹ್ಯೂಗೋ ಪ್ರಶಸ್ತಿಯನ್ನೂ ಇನ್ನೊಂದು ಕೃತಿಯ ಜೊತೆ ಹಂಚಿಕೊಂಡಿತು. ಆದರೂ ಮಾರಾಟ ನಿಧಾನವಾಗಿಯೇ ಏರಿತು. ಹರ್ಬರ್ಟ್ ಪತ್ರಿಕೆಯ ಕೆಲಸ ಬಿಟ್ಟು ಪೂರ್ತಿ ಲೇಖಕರಾಗಲು 1972ರವರೆಗೆ ಕಾಯಬೇಕಾಯಿತು. ಆಗ ಅವರಿಗೆ 50 ದಾಟಿತ್ತು.

ಓದುಗರು ಪಾಲ್‌ನನ್ನು ತುಂಬಾ ಪ್ರೀತಿಸಿದರು. ಹರ್ಬರ್ಟ್ ಅವರ ಉದ್ದೇಶ ಮಾತ್ರ ಅದಕ್ಕೆ ತದ್ವಿರುದ್ಧವಾಗಿತ್ತು. ಕಾದಂಬರಿಯನ್ನು ನಿಧಾನವಾಗಿ ಓದಿದರೆ ಗೊತ್ತಾಗುತ್ತದೆ: ಫ್ರೆಮನ್ ಜನರ ನಡುವೆ ರಕ್ಷಕ ಬರುತ್ತಾನೆ ಎಂಬ ಭವಿಷ್ಯವಾಣಿಯನ್ನು ಬಿತ್ತಿದ್ದೇ ಜೆಸ್ಸಿಕಾಳ ಪಂಗಡದ ಹೆಂಗಸರು. ಮುಂದೆ ಎಂದಾದರೂ ತಮ್ಮವರು ಅಲ್ಲಿ ಕಷ್ಟಕ್ಕೆ ಸಿಕ್ಕಿಬಿದ್ದರೆ ಉಪಯೋಗಕ್ಕೆ ಬರಲಿ ಎಂಬ ಲೆಕ್ಕಾಚಾರ ಅದು. ಅಂದರೆ ಜನರ ನಂಬಿಕೆ ನಿಜ, ಅವರ ಕಷ್ಟ ನಿಜ, ಆದರೆ ಆ ನಂಬಿಕೆಯನ್ನು ಬಳಸಿಕೊಂಡ ಕೈಗಳು ಬೇರೆ. ಪಾಲ್‌ಗೂ ಇದು ಗೊತ್ತು. ಗೊತ್ತಿದ್ದೂ ಅದರ ಲಾಭ ಪಡೆಯುತ್ತಾನೆ. 1969ರಲ್ಲಿ ಬಂದ ಎರಡನೆಯ ಭಾಗ 'ಡ್ಯೂನ್ ಮೆಸ್ಸಾಯ'ದಲ್ಲಿ ಫಲ ಕಾಣುತ್ತದೆ. ಅವನ ಹೆಸರಿನಲ್ಲಿ ನಡೆದ ಯುದ್ಧಗಳಲ್ಲಿ ಸತ್ತವರು 61 ಬಿಲಿಯನ್, ನಮ್ಮ ಲೆಕ್ಕದಲ್ಲಿ 6,100 ಕೋಟಿ. ಮೊದಲ ಭಾಗವನ್ನು ಸಂತೋಷದಿಂದ ಪ್ರಕಟಿಸಿದ್ದ 'ಅನಲಾಗ್' ಸಂಪಾದಕ ಜಾನ್ ಕ್ಯಾಂಬೆಲ್ ಎರಡನೆಯದನ್ನು ತೆಗೆದುಕೊಳ್ಳಲಿಲ್ಲ. ಅವರಿಗೆ ಹೀರೋ ಹೀರೋ ಆಗಿಯೇ ಇರಬೇಕಿತ್ತು.

ಹರ್ಬರ್ಟ್ ಸಂದರ್ಶನಗಳಲ್ಲಿ ಇದನ್ನೇ ಮತ್ತೆ ಮತ್ತೆ ವಿವರಿಸಿದರು. ಅಧ್ಯಕ್ಷ ಕೆನಡಿಯವರಂಥ ಆಕರ್ಷಕ ನಾಯಕರು ಅಪಾಯಕಾರಿ ಎಂದರು. ಕೆನಡಿ ಕೆಟ್ಟವರು ಎಂದು ಅವರ ಅರ್ಥವಲ್ಲ. ಅಂಥವರ ಮುಂದೆ ಜನ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿಬಿಡುತ್ತಾರೆ ಎಂಬುದು ಅವರ ಚಿಂತೆ.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟೆ. ಮನೆಯ ಘಟನೆ ಹೇಳುತ್ತೇನೆ ಎಂದಿದ್ದೆನಲ್ಲ, ಅದು ಇದು.

ಕಳೆದ ವರ್ಷ ಭಾಯಿಜಾನ್ ಫೋನಿನಲ್ಲಿ ಷೇರು ಮಾರುಕಟ್ಟೆಯ ಸಲಹೆ ಕೊಡುವ ಒಬ್ಬರನ್ನು ಹಿಂಬಾಲಿಸುತ್ತಿದ್ದರು. ಅವರ ಮಾತು ಬಹಳ ಚೆನ್ನಾಗಿತ್ತು. ಬಡತನದಿಂದ ಮೇಲೆ ಬಂದ ಕಥೆ ಹೇಳುತ್ತಿದ್ದರು, ನಮ್ಮಂಥವರ ಕಷ್ಟ ಗೊತ್ತು ಎನ್ನುತ್ತಿದ್ದರು. ರಂಜಾನ್ ಸಮಯಕ್ಕೆ ಅಂಗಡಿಗೆ ಸರಕು ತರಲು ಅಬ್ಬಾ 40,000 ರೂಪಾಯಿ ತೆಗೆದಿಟ್ಟಿದ್ದರು. ಅದನ್ನು ಒಂದು ತಿಂಗಳು ಅವರು ಹೇಳಿದ ಕಡೆ ಹಾಕೋಣ ಎಂದು ಭಾಯಿಜಾನ್ ಕೇಳಿದರು. ಅಬ್ಬಾ ನೇರವಾಗಿ ಹೂಂ ಎನ್ನಲಿಲ್ಲ. ಮನೆಯಲ್ಲಿ ಕಾಮರ್ಸ್ ಓದುವವಳು ನಾನೊಬ್ಬಳೇ. ನನ್ನನ್ನು ಕರೆದು, ಬೇಟಿ, ನೀನು ನೋಡಿ ಹೇಳು ಎಂದರು.

ನಾನು ನೋಡಿದೆ. ಏನು ನೋಡಿದೆ? ಅವರಿಗೆ ಎಷ್ಟು ಲಕ್ಷ ಜನ ಹಿಂಬಾಲಕರು ಎಂದು ನೋಡಿದೆ. ಕೆಳಗೆ ಜನ ಬರೆದ ಹೊಗಳಿಕೆ ಓದಿದೆ. ಸೆಬಿಯಲ್ಲಿ ನೋಂದಣಿ ಇದೆಯೇ ಎಂದು ನೋಡಲಿಲ್ಲ. ಸೆಬಿಯ ಬಗ್ಗೆ ಬಿಸಿನೆಸ್ ಸ್ಟಡೀಸ್‌ನಲ್ಲಿ ಪಾಠವೇ ಇದೆ, ಆರು ಅಂಕದ ಪ್ರಶ್ನೆಗೆ ಅದರ ಕಾರ್ಯಗಳನ್ನು ಬಾಯಿಪಾಠ ಮಾಡಿದ್ದೆ. ಆದರೂ ಕೇಳಲಿಲ್ಲ. ಅಬ್ಬಾರಿಗೆ ಹಾಕಬಹುದು ಎಂದೆ. ಐದು ವಾರದಲ್ಲಿ ಹಣವೂ ಹೋಯಿತು, ಆ ವ್ಯಕ್ತಿಯ ಗುಂಪೂ ಮಾಯವಾಯಿತು. ಆ ರಂಜಾನ್‌ನಲ್ಲಿ ಅಂಗಡಿಯ ಅರ್ಧ ಕಪಾಟು ಖಾಲಿ ಇತ್ತು. ಅಬ್ಬಾ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ಫ್ರೆಮನ್ ಜನ ಪಾಲ್‌ನನ್ನು ನೋಡಿ ಕೂಗುವಾಗ ನನಗೆ ಅವರು ದೂರದ ಗ್ರಹದವರು ಎನಿಸಲಿಲ್ಲ. ಹಿಂಬಾಲಕರ ಸಂಖ್ಯೆ ನೋಡಿ ನಂಬಿದವಳು ನಾನೂ ಅಲ್ಲವೇ? ಕಾದಂಬರಿಯಲ್ಲಿ ಜಿಹಾದ್ ಎಂಬ ಪದ ಬರೀ ರಕ್ತಪಾತದ ಅರ್ಥದಲ್ಲಿ ಬಂದದ್ದು ನನಗೆ ಈಗಲೂ ನೋವು ಕೊಡುತ್ತದೆ. ನಮಗೆ ಮನೆಯಲ್ಲಿ ಕಲಿಸಿದ್ದು ತನ್ನ ನಫ್ಸ್ ಜೊತೆಗಿನ ಹೋರಾಟವೇ ಮೊದಲು ಎಂದು. ಅಬ್ಬಾ ಅಂಗಡಿಯ ಕಷ್ಟವನ್ನೂ ಜದ್ದೋಜಹದ್ ಎನ್ನುತ್ತಾರೆ. ಹೊಸ ಸಿನಿಮಾ ಮಾಡಿದವರು ಆ ಪದವನ್ನೇ ಬಿಟ್ಟಿದ್ದಾರೆ. ಆದರೆ ಹರ್ಬರ್ಟ್ ನಮ್ಮ ಪದಗಳನ್ನು ಹಂಗಿಸಲು ತಂದವರಲ್ಲ ಎಂದು ನನಗೆ ಅನಿಸಿತು. ಅವರ ಎಚ್ಚರಿಕೆ ನಂಬಿಕೆಯ ವಿರುದ್ಧ ಅಲ್ಲ, ನಂಬಿಕೆಯನ್ನು ಬಂಡವಾಳ ಮಾಡಿಕೊಳ್ಳುವವರ ವಿರುದ್ಧ.

ಹರ್ಬರ್ಟ್ ಅವರ ಉಳಿದ ಜೀವನವನ್ನೂ ಹೇಳಿ ಮುಗಿಸುತ್ತೇನೆ. 1972ರಲ್ಲಿ ಅವರು ವಿಯೆಟ್ನಾಂ ಮತ್ತು ಪಾಕಿಸ್ತಾನದಲ್ಲಿ ಸಾಮಾಜಿಕ ಹಾಗೂ ಪರಿಸರ ಸಲಹೆಗಾರರಾಗಿ ಕೆಲಸ ಮಾಡಿದರು. ಆಮೇಲೆ ತಮ್ಮದೇ ರಾಜ್ಯದ ಪೋರ್ಟ್ ಟೌನ್‌ಸೆಂಡ್‌ನಲ್ಲಿ ನೆಲೆಸಿ ಗಾಳಿಯಂತ್ರ, ಸೌರಶಕ್ತಿಯ ಪ್ರಯೋಗಗಳನ್ನು ಮಾಡಿದರು. 1976ರಲ್ಲಿ ಬಂದ ಮೂರನೆಯ ಭಾಗ ದೊಡ್ಡ ಸಂಖ್ಯೆಯಲ್ಲಿ ಮಾರಾಟವಾಗಿ ಹಣದ ಚಿಂತೆ ತೀರಿತು. ಒಟ್ಟು ಆರು ಭಾಗ ಬರೆದರು. ಅವರ ಕಥಾಲೋಕದಲ್ಲಿ ಯೋಚಿಸುವ ಯಂತ್ರಗಳಿಗೆ ನಿಷೇಧವಿದೆ. ಜನ ತಮ್ಮ ಯೋಚನೆಯನ್ನು ಯಂತ್ರಗಳಿಗೆ ಒಪ್ಪಿಸಿದಾಗ ಆ ಯಂತ್ರಗಳ ಒಡೆಯರಿಗೆ ಗುಲಾಮರಾದರು ಎಂಬುದು ಕಾರಣ. ಅದೇ ಹರ್ಬರ್ಟ್ 1980ರಲ್ಲಿ ಮನೆಯ ಕಂಪ್ಯೂಟರ್ ಬಳಸುವುದರ ಬಗ್ಗೆ ಇನ್ನೊಬ್ಬರ ಜೊತೆ ಸೇರಿ ಪುಸ್ತಕ ಬರೆದರು! ಯಂತ್ರ ಬೇಡ ಎಂದಲ್ಲ, ಅದು ನಿನ್ನ ಕೈಯಲ್ಲಿರಲಿ ಎಂದು. ಅಸೈನ್‌ಮೆಂಟನ್ನು ಪೂರ್ತಿ ಫೋನಿಗೇ ಬಿಡುವ ನಾವು ಇದನ್ನು ಯೋಚಿಸಬೇಕು.

1974ರಲ್ಲಿ ಬೆವರ್ಲಿಯವರಿಗೆ ಕ್ಯಾನ್ಸರ್ ಎಂದು ತಿಳಿಯಿತು. ಹತ್ತು ವರ್ಷ ಅದರೊಡನೆ ಬದುಕಿ 1984ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಡಿಸೆಂಬರ್‌ನಲ್ಲಿ 'ಡ್ಯೂನ್' ಮೊದಲ ಬಾರಿ ಸಿನಿಮಾ ಆಗಿ ತೆರೆಗೆ ಬಂತು. ಅವರು ಅದನ್ನು ನೋಡಲಿಲ್ಲ. ಹರ್ಬರ್ಟ್ ತಮ್ಮ ಆರನೆಯ ಭಾಗದ ಕೊನೆಗೆ ಹೆಂಡತಿಯನ್ನು ನೆನೆದು ಕೆಲವು ಪುಟ ಬರೆದಿದ್ದಾರೆ. ಇಡೀ ಸರಣಿಯಲ್ಲಿ ನನಗೆ ಡಿಕ್ಷನರಿ ಬೇಕಾಗದ ಪುಟಗಳು ಅವು. 1986ರ ಫೆಬ್ರವರಿ 11ರಂದು, 65ನೆಯ ವಯಸ್ಸಿನಲ್ಲಿ, ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಹರ್ಬರ್ಟ್ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ನಿಧನರಾದರು.

ಇಷ್ಟು ಓದಿ ಅವರನ್ನೇ ಹೀರೋ ಮಾಡಿಕೊಂಡರೆ ಅವರ ಪುಸ್ತಕ ಓದಿಯೂ ಪ್ರಯೋಜನವಿಲ್ಲ. ಅವರ ಹಿರಿಯ ಮಗ ಬ್ರಯಾನ್ ಬರೆದ ಜೀವನಚರಿತ್ರೆಯಲ್ಲಿ ತಂದೆ ಮಕ್ಕಳ ಜೊತೆ ಎಷ್ಟು ಕಠಿಣವಾಗಿದ್ದರು, ಬರೆಯುವಾಗ ಮನೆಯಲ್ಲಿ ಸದ್ದು ಕೇಳಿಸಿದರೆ ಹೇಗೆ ಸಿಡುಕುತ್ತಿದ್ದರು ಎಂಬುದೂ ಇದೆ. ಮನಸ್ಸನ್ನು ಗಮನಿಸುವುದರ ಬಗ್ಗೆ ಅಷ್ಟು ಚೆನ್ನಾಗಿ ಬರೆದವರಿಗೂ ತಮ್ಮ ಸಿಟ್ಟನ್ನು ಹಾದುಹೋಗಲು ಬಿಡುವುದು ಸುಲಭವಾಗಿರಲಿಲ್ಲ. ಅದನ್ನೂ ಖಾತೆಯಲ್ಲಿ ಬರೆಯಲೇಬೇಕು.

ಹೋದ ವಾರ ಅಬ್ಬಾ ಒಂದು ವಿಮಾ ಪಾಲಿಸಿಯ ಕಾಗದ ತಂದು ನನ್ನ ಮುಂದಿಟ್ಟರು. ಏಜೆಂಟ್ ಬಹಳ ಒಳ್ಳೆಯ ಮನುಷ್ಯ, ಮಸೀದಿಯಲ್ಲಿ ಎಲ್ಲರಿಗೂ ಪರಿಚಯ ಎಂದರು. ಆಮೇಲೆ ಮತ್ತೆ, ಬೇಟಿ, ನೀನು ನೋಡಿ ಹೇಳು ಎಂದರು. ಅವರು ನನ್ನನ್ನು ಇನ್ನೂ ಕೇಳುತ್ತಾರೆ ಎಂಬುದೇ ನನಗೆ ದೊಡ್ಡ ವಿಷಯವಾಗಿತ್ತು. ನಾನು ಎರಡು ದಿನ ಸಮಯ ಕೇಳಿ, ಕಾಗದ ತೆಗೆದುಕೊಂಡು ಹೋಗಿ, ಮೊದಲು ಸಣ್ಣ ಅಕ್ಷರದ ಪುಟವನ್ನು ಓದಲು ಕುಳಿತೆ.